ಹೊಟ್ಟೆಗೆ ಬಣ್ಣ ಬಳಿದ ಹಕ್ಕಿಗಳು

ನಡುಮನೆಯ ತೊಲೆಯಿಂದ ಒಣಗಿದ ಸೀಬೆಯ ಕೊಂಬೆಯೊಂದು ಎದೆಮಟ್ಟಕ್ಕೆ ಇಳಿಬಿದ್ದು ತೂಗುತ್ತಿತ್ತು. ಅದರ ತುಂಬ ಕಾಗದದ ಹಕ್ಕಿಗಳು. ಬೀದಿಬಾಗಿಲು ತೆರೆದರೆ ಸಾಕು, ಯಾರೋ ಕರೆದಂತೆ ಎಲ್ಲವೂ ಒಟ್ಟಿಗೆ ಅತ್ತ ತಿರುಗುತ್ತಿದ್ದವು.

ಕಟ್ಟಿದವಳು ನನ್ನ ಓರಗಿತ್ತಿ ಇಂದುಮತಿ. ಆಗ ಅವಳು ತುಂಬು ಬಸುರಿ. ಹಿಂದೆ ಎರಡು ಸಲ ಹೆತ್ತಿದ್ದಳು. ಎರಡು ಕೂಸೂ ಅಳಲೇ ಇಲ್ಲ. ಎರಡು ಸಲವೂ ನಾವು ತೊಟ್ಟಿಲಿಗೆ ಬಣ್ಣ ಹೊಡೆಸಿ, ಕುಲಾವಿ ಹೊಲಿದು, ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟು ಕಾದಿದ್ದೆವು. ಕೊನೆಗೆ ಅತ್ತೆ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಹೊಳೆಗೆ ಬಿಟ್ಟುಬಂದರು.

"ಈ ಸಲ ಕೂಸು ಅಳೋ ತನಕ ಅದರ ಹೆಸರಲ್ಲಿ ಈ ಮನೇಲಿ ಏನೂ ಆಗಕೂಡದು. ತೊಟ್ಟಿಲು ಅನ್ನೋ ಮಾತೂ ಬೇಡ," ಎಂದುಬಿಟ್ಟರು.

ಇಂದುಮತಿ ಎದುರಾಡಲಿಲ್ಲ. ಕಿಟಕಿಯ ಬಳಿ ಕುಳಿತು ಹಳೆಯ ಕ್ಯಾಲೆಂಡರು, ಮದುವೆ ಕಾಗದಗಳನ್ನು ಕತ್ತರಿಸತೊಡಗಿದಳು. ಪೊರಕೆ ಕಡ್ಡಿಯ ಬಾಲ, ಒಣಗಿದ ಅರಳಿ ಎಲೆಯ ರೆಕ್ಕೆ.

"ಏನೇ ಅದು?" ಎಂದು ಅತ್ತೆ ಕೇಳಿದರು.

"ಮನೆ ಅಂದಕ್ಕೆ ಅತ್ತೆ. ನಡುಮನೆ ಬೋಳುಬೋಳಾಗಿದೆಯಲ್ಲ."

ಅತ್ತೆ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದರು.

ಎದುರುಮನೆಯ ಸುಬ್ಬಕ್ಕ ಬಂದವಳು ಕೊಂಬೆಯ ಮುಂದೆ ನಿಂತು ನಕ್ಕಳು. "ಬಣ್ಣ ಮುಗಿದುಹೋಯ್ತೇನೇ ಇಂದೂ? ಬೆನ್ನಿಗೆಲ್ಲ ಸುಣ್ಣ ಹೊಡೆದ ಹಾಗಿದೆ! ಹಕ್ಕಿನೋ, ಹೊಸ ಗೋಡೆನೋ?"

"ಇನ್ನೂ ಕಲೀತಿದೀನಿ ಸುಬ್ಬಕ್ಕಾ," ಎಂದಳು ಇಂದು. ನಗು ತುಟಿಯಲ್ಲೇ ನಿಂತಿತು.

ನನಗೆ ಅನುಮಾನ ಹುಟ್ಟಿದ್ದು ಅಂಟಿನಿಂದ. ಮೈದಾ ಅಂಟನ್ನು ಜಿರಳೆ ಬಿಡುವುದಿಲ್ಲ; ಅದಕ್ಕೇ ಚೂರು ಮೈಲುತುತ್ತ ಬೆರೆಸುತ್ತಾರೆ. ನಾನು ತಂದುಕೊಟ್ಟರೆ ಇಂದು ಆಚೆ ಸರಿಸಿದಳು.

"ವಿಷ ಅಲ್ವಾ ಅಕ್ಕಾ."

"ತೊಲೆಗೆ ಕಟ್ಟಿದ್ದನ್ನ ಯಾರು ಬಾಯಿಗಿಡ್ತಾರೆ ಮಾರಾಯ್ತಿ?"

ಅವಳು ಬರೀ ಮೈದಾ ಅಂಟನ್ನೇ ಕಲಸಿಕೊಂಡಳು. ದಿನಾ ಬೆಳಿಗ್ಗೆ ಜಿರಳೆ ತಿಂದ ರೆಕ್ಕೆಗಳನ್ನು ಕಿತ್ತು ಹೊಸದು ಅಂಟಿಸುತ್ತಿದ್ದಳು. ಊಟ ತಪ್ಪಿದರೂ ಆ ಕೆಲಸ ತಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನಗೆ ಸೊಂಟ ಹಿಡಿದುಕೊಂಡು, ನಡುಮನೆಯಲ್ಲಿ ಹಾಸಿದ್ದ ಚಾಪೆಯ ಮೇಲೆ ಅಂಗಾತ ಮಲಗಿದೆ. ಕಣ್ಣು ಮೇಲೆ ಹೋಯಿತು. ಅರಿಸಿನ, ಬೀಟ್‌ರೂಟಿನ ರಸ, ಸೊಪ್ಪಿನ ಹಸಿರು, ಬಣ್ಣವೆಲ್ಲ ಹಕ್ಕಿಗಳ ಹೊಟ್ಟೆಗಿತ್ತು. ಪ್ರತಿಯೊಂದರ ಕಣ್ಣೂ ಕೆಳಗೆ ನೋಡುತ್ತಿತ್ತು. ನಿಂತವರಿಗೆ ಬರೀ ಬಿಳಿ ಬೆನ್ನು. ಅಂಗಾತ ಮಲಗಿದವರಿಗೆ ಇಡೀ ತೋಪು. ಕೊಂಬೆ ಕಟ್ಟಿದ್ದೂ ತೊಟ್ಟಿಲು ತೂಗುಹಾಕಲು ತೊಲೆಗೆ ಬಡಿದಿದ್ದ ಕಬ್ಬಿಣದ ಬಳೆಗಳ ನಡುವೆಯೇ.

ಎದ್ದು ಕುಳಿತೆ. ಅತ್ತೆಗೆ ತಿಳಿದರೆ ಗತಿಯೇನು ಎಂದುಕೊಳ್ಳುವಷ್ಟರಲ್ಲಿ, ನಾನು ಕುಳಿತಿದ್ದುದೇ ಅತ್ತೆಯ ಚಾಪೆ ಎಂಬುದು ಹೊಳೆಯಿತು. ಅವರು ದಿನವೂ ಮಧ್ಯಾಹ್ನ ಅಲ್ಲೇ ಮಲಗುತ್ತಿದ್ದರು.

ಇಂದುವಿಗೆ ನೋವು ದಿನ ತುಂಬುವ ಮೊದಲೇ ಬಂತು. ಸೂಲಗಿತ್ತಿ ದೇವೀರಮ್ಮ ಕೋಣೆ ಸೇರಿದಳು. ಬಿಸಿನೀರು ಒಯ್ಯುತ್ತಿದ್ದ ನಾನು ನಡುಮನೆಯಲ್ಲಿ ಕಂಡದ್ದು, ಮಣೆಯ ಮೇಲೆ ಹತ್ತಿ ಕೊಂಬೆಯ ಹಗ್ಗಕ್ಕೆ ಕೈ ಹಾಕಿದ್ದ ಅತ್ತೆಯನ್ನು.

"ಅತ್ತೆ, ಬೇಡ."

"ಬಿಡೇ! ಇದರಿಂದಲೇ ಈ ಸಲವೂ ಹೀಗಾಗ್ತಿರೋದು. ಗೊತ್ತಿದ್ದೂ ಸುಮ್ಮನಿದ್ದೆನಲ್ಲ, ಪಾಪಿ ನಾನು."

ಹಕ್ಕಿಗಳು ಒಂದಕ್ಕೊಂದು ತಾಗಿ ಸರಸರ ಸದ್ದು ಮಾಡಿದವು. ಕೋಣೆಯಿಂದ ಇಂದುವಿನ ದನಿ ಬಂತು. "ಅಕ್ಕಾ, ಹಕ್ಕೀನ ಯಾರು ಮುಟ್ಟಿದ್ದು? ಅಕ್ಕಾ!"

ಅತ್ತೆಯ ಕೈ ಅಲ್ಲೇ ನಿಂತಿತು.

"ಜೇಡರ ಬಲೆ ತೆಗೀತಿದೀನಿ ಕಣೇ," ಎಂದರು. "ನೀ ನಿನ್ನ ಕೆಲಸ ನೋಡು."

ಇಳಿದು ಬಂದು, ಗಾಳಿಯಾಡದಂತೆ ಬೀದಿಬಾಗಿಲು ಹಾಕಿದರು.

ಕೂಸು ಹುಟ್ಟಿತು. ಸದ್ದಿಲ್ಲ. ದೇವೀರಮ್ಮ ತಲೆ ಕೆಳಗಾಗಿ ಹಿಡಿದು ಬೆನ್ನು ತಟ್ಟಿದಳು, ಪಾದ ತಿಕ್ಕಿದಳು, ಬಾಯಿಗೆ ಬೆರಳು ಹಾಕಿ ಒರೆಸಿದಳು. ಇಂದು ಕೂಸಿನತ್ತ ನೋಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಬರೀ ಕೇಳುತ್ತಿದ್ದಳು. ಹೊಸ್ತಿಲ ಬಳಿ ಅತ್ತೆ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದರು. ದೇವೀರಮ್ಮ ಮತ್ತೆ ತಟ್ಟಿದಳು. ಮತ್ತೆ.

ಕೆಮ್ಮಿನಂಥ ಒಂದು ಸಣ್ಣ ಸದ್ದು. ಆಮೇಲೆ ಅಳು.

"ಬಟ್ಟೆ ಕೊಡ್ರಮ್ಮಾ, ಮೈ ತಣ್ಣಗಾಗ್ತಿದೆ!" ಎಂದು ದೇವೀರಮ್ಮ ಕೂಗಿದಳು.

ಮನೆಯಲ್ಲಿ ಏನೂ ಇರಲಿಲ್ಲ. ನಾನು ಪೆಟ್ಟಿಗೆಯತ್ತ ಓಡುವಷ್ಟರಲ್ಲಿ ಅತ್ತೆ ಉಟ್ಟ ಸೀರೆಯ ಸೆರಗನ್ನೇ ಹಲ್ಲಿನಿಂದ ಕಚ್ಚಿ ಪರ್ರನೆ ಹರಿದರು.

ಕೂಸಿಗೆ ಹೊದಿಸಿ, ಇಂದುವಿನ ಪಕ್ಕ ಮಲಗಿಸಿ ಹೊರಗೆ ಬಂದೆ. ಅತ್ತೆ ತಮ್ಮ ಪೆಟ್ಟಿಗೆಯ ಮೆತ್ತನೆಯ ಸೀರೆಗಳನ್ನೆಲ್ಲ ಅಂಗಳದಲ್ಲಿ ಗುಡ್ಡೆ ಹಾಕಿಕೊಂಡು ಕುಳಿತಿದ್ದರು. ಒಂದಾದ ಮೇಲೊಂದು ಹರಿಯುತ್ತಿದ್ದರು.

"ಸಾಕು ಅತ್ತೆ," ಎಂದೆ.

ಅವರಿಗೆ ಕೇಳಿಸಲಿಲ್ಲ. ಒಳಗೆ ಕೂಸು ಅತ್ತಾಗಲೆಲ್ಲ ಅವರ ಕೈ ನಿಲ್ಲುತ್ತಿತ್ತು. ಅಳು ಮುಗಿಯುವ ತನಕ ಕೇಳಿಸಿಕೊಂಡು, ಮತ್ತೆ ಹರಿಯುತ್ತಿದ್ದರು.