ಮುಖಪುಟದ ಹುಡುಗಿ

೧೯೬೪ರ ದೀಪಾವಳಿ ಸಂಚಿಕೆಯ ಮೇಲೆ ಮಗಳು ಜಯಾಳ ಮುಖ ಬಂದಾಗ ಸಾವಿತ್ರಿಬಾಯಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಹಮದಾಬಾದಿನ ಮಾಸಿಕವದು. ದೃಷ್ಟಿಯಾದೀತೆಂದು ವಡೋದರಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಯಾರಿಗೂ ತೋರಿಸದೆ, ಒಂದು ಪ್ರತಿಯನ್ನು ಸೂರತ್ತಿನ ಇಂದುಮತಿಬಾಯಿಗೆ ಅಂಚೆಯಲ್ಲಿ ಕಳಿಸಿದರು. ಆಕೆಯ ಮಗ ಕೇಶವ ಬ್ಯಾಂಕಿನಲ್ಲಿದ್ದ, ಅವನಿಗೆ ಹೆಣ್ಣು ಹುಡುಕುತ್ತಿದ್ದರು. ‘ಇದು ನಮ್ಮ ಮನೆಯ ಹುಡುಗಿ’ ಎಂದು ಜೊತೆಗೊಂದು ಸಾಲು ಬರೆದಿದ್ದರು.

ಜಯಾಳಿಗೆ ಮಾತ್ರ ಆ ಮುಖ ತನ್ನದೆನ್ನಿಸಲಿಲ್ಲ. ಪತ್ರಿಕೆಯವರು ತೆಗೆದದ್ದು ಕಪ್ಪುಬಿಳುಪು ಫೋಟೋ. ಅದಕ್ಕೆ ಬಣ್ಣ ಹಚ್ಚುವವನಿಗೆ ಅವನದೇ ಕಟ್ಟಳೆಗಳು: ಮುಖವು ಪುಟ ತೆರೆಯುವ ಅಂಚಿನ ಕಡೆಗೇ ತಿರುಗಿರಬೇಕು, ತಲೆಗೂದಲು ಪತ್ರಿಕೆಯ ಹೆಸರಿಗೆ ಒಂಚೂರು ತಾಗಬೇಕು, ತುಟಿಯ ಕೆಂಪು ಆ ಹೆಸರಿನ ಕೆಂಪಿಗೆ ಹೊಂದಬೇಕು. ಕಪ್ಪು ಮುಖ ಅಂಗಡಿಯಲ್ಲಿ ತೂಗುಹಾಕಿದರೆ ದೂರಕ್ಕೆ ಕಾಣುವುದಿಲ್ಲವಂತೆ, ಅದಕ್ಕೇ ಕೆನ್ನೆಗೆ ಗುಲಾಬಿ ಮೆತ್ತಿದ್ದ. ಅಲ್ಲ, ದೇವರು ಕೊಟ್ಟ ಬಣ್ಣ ಒರೆಸಲು ಇವನ್ಯಾರು? ಆದರೆ ಜಯಾಳಿಗೆ ಇಪ್ಪತ್ತಾರು ತುಂಬಿತ್ತು, ಮೂರು ಗಂಡುಗಳು ನೋಡಿ ಬೇಡವೆಂದು ಹೋಗಿದ್ದವು. ಈ ಸಲವಾದರೂ ಕೂಡಿಬರಲಿ ಎಂದು ಅವಳಿಗೂ ಆಸೆಯಿತ್ತು, ಸುಳ್ಳೇಕೆ ಹೇಳಬೇಕು.

ಭಾನುವಾರ ಇಂದುಮತಿಬಾಯಿ ಮಗನೊಂದಿಗೆ ಬಂದರು. ಜಯಾ ಉಪ್ಪಿಟ್ಟಿನ ತಟ್ಟೆ ಇಟ್ಟು ಎದುರಿಗೆ ಕೂತಳು. ಇಂದುಮತಿಬಾಯಿ ಚೀಲದಿಂದ ಮಾಸಿಕ ತೆಗೆದು, ಸೀರೆಗೆ ಕುಪ್ಪಸದ ಖಣ ಹೊಂದಿಸಿ ನೋಡುವಂತೆ, ಹುಡುಗಿಯ ಕೆನ್ನೆಯ ಪಕ್ಕ ಹಿಡಿದರು.

"ಈ ಮುಖಾ ನೋಡಿ ಅಲ್ಲಿಂದ ಬಂದೀವ್ರೀ ನಾವು. ಎಲ್ಲ್ಯದ ಅದು? ಹಿಂಗ ಮೋಸಾ ಮಾಡೋದು ಬ್ಯಾಡಿತ್ತು. ನಾಕು ಮಂದಿಗೆ ಹೇಳಬೇಕಾಗ್ತದ."

ಕೇಶವ ಮುಖಪುಟವನ್ನೇ ನೋಡುತ್ತಿದ್ದ. ಜಯಾಳ ಕಡೆ ಒಮ್ಮೆಯೂ ತಿರುಗಲಿಲ್ಲ.

ಈ ಮಾತು ಹಬ್ಬಿದರೆ ಸಾವಿತ್ರಿಬಾಯಿಯ ಮನೆಗೆ ಮತ್ತೆ ಗಂಡು ಬರುವುದು ಕಷ್ಟವಿತ್ತು. ಜಯಾಳ ಬೆನ್ನಿಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದರು. ‘ಬಣ್ಣ ಹಚ್ಚಿದ್ದು ಪತ್ರಿಕೆಯವರು, ನನ್ನ ಮಗಳಿಗೇನಾಗಿದೆ’ ಎಂದು ಅವ್ವ ಈಗ ಕೇಳುತ್ತಾಳೆ ಎಂದು ಜಯಾ ಕಾದಳು.

"ಅಯ್ಯ, ಅದು ಈಕಿ ಅಲ್ರೀ," ಎಂದು ಸಾವಿತ್ರಿಬಾಯಿ ನಕ್ಕರು. "ನಮ್ಮ ಮನಿ ಹುಡುಗಿ ಅಂತ ಬರದಿದ್ದೆ, ನನ್ನ ಮಗಳು ಅಂತಲ್ಲ. ಅಕಿ ನನ್ನ ತಂಗಿ ಮಗಳು, ವೈದೇಹಿ. ಅಹಮದಾಬಾದಿನ್ಯಾಗ ಇರ್ತಾಳ. ಹಾಲಿನಂಥಾ ಬಣ್ಣ. ನೀವು ತಪ್ಪು ತಿಳಕೊಂಡು ಬಂದ್ರಿ."

ಆ ಗುಲಾಬಿ ಮುಖ ಯಾವ ಬೆಳ್ಳನೆಯ ಹುಡುಗಿಗಾದರೂ ಒಪ್ಪುವಂತಿತ್ತು. ಇಂದುಮತಿಬಾಯಿ ತಟ್ಟನೆ ಮೆತ್ತಗಾದರು. ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಾನೂ ಅದನ್ನ ಅಂದ್ಕೊಂಡೆ, ಈಕಿಗೂ ಇದಕ್ಕೂ ಏನು ಸಂಬಂಧ ಅಂತ. ಹಂಗಾರ ಅವರ ವಿಳಾಸಾ ಕೊಡ್ರಿ."

"ಜಯಾ, ಬರದು ಕೊಡವಾ. ನಿನ್ನ ಅಕ್ಷರ ಚೊಲೋ ಅವ."

ಕೇಶವ ಪೆನ್ನು ಮುಂದೆ ಚಾಚಿದ. ಜಯಾ ಮಾಸಿಕವನ್ನು ತೊಡೆಯ ಮೇಲಿಟ್ಟುಕೊಂಡು, ಚಿತ್ರದಲ್ಲಿ ತನ್ನ ಕೊರಳ ಕೆಳಗೆ ಖಾಲಿಯಿದ್ದ ಜಾಗದಲ್ಲಿ ವೈದೇಹಿಯ ಹೆಸರು ಬರೆದು, ಅದರ ಕೆಳಗೆ ಚಿಕ್ಕಮ್ಮನ ಮನೆಯ ವಿಳಾಸವನ್ನೂ ಬರೆದಳು.