ಒಂದೇ ಸಾವಿಗೆ ಐದು ತಲೆಬರಹ

ಮಂಗಲ್ಪಾಡಿಯ ಸ್ವೀಡಲ್ ಉಪ್ಪಳದ ಕಂಪ್ಯೂಟರ್ ಕೇಂದ್ರವೊಂದರಲ್ಲಿ ಟೀಚರ್. ಬಿಡುವಿನಲ್ಲಿ ಆಕೆ ‘ಕಿಂಡಿ’ ಎಂಬ ಸುದ್ದಿ ಓದುವ ಆ್ಯಪ್‌ಗೆ ಕೋಡ್ ಬರೆಯುತ್ತಿದ್ದಳು. ಅದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಕೈಜೋಡಿಸಬಹುದಿತ್ತು. ಎಡನೀರಿನ ಶರತ್ಚಂದ್ರ ಅದರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಕಿಂಡಿಯಲ್ಲಿ ನಾಲ್ಕು ದೊಡ್ಡ ಪತ್ರಿಕೆಗಳ ಸುದ್ದಿ ಮಾತ್ರ ಸಿಗುತ್ತಿತ್ತು. ಯಾವ ಜಾಲತಾಣದ ಫೀಡ್ ವಿಳಾಸ ಕೊಟ್ಟರೂ ಅದರ ಸುದ್ದಿ ಬರುವಂತೆ ಮಾಡುವ ಕೆಲಸವನ್ನು ಸ್ವೀಡಲ್ ವಹಿಸಿಕೊಂಡಳು. ಜಾಲತಾಣವು ತನ್ನ ಹೊಸ ಸುದ್ದಿಗಳ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಡುತ್ತದೆ, ಅದೇ ಫೀಡ್. ಆ್ಯಪ್ ಅರ್ಧ ಗಂಟೆಗೊಮ್ಮೆ ಹೋಗಿ ಅದನ್ನು ಓದಿಕೊಂಡು ಬರಬೇಕು, ಅಷ್ಟೆ.

ಪರೀಕ್ಷೆಗೆ ಊರಿನದೇ ಇರಲಿ ಎಂದು ಪುರಂದರ ಎಂಬವನು ನಡೆಸುತ್ತಿದ್ದ ಸುದ್ದಿ ಪೋರ್ಟಲ್‌ನ ಫೀಡನ್ನು ತನ್ನ ಫೋನಿನಲ್ಲಿದ್ದ ಆ್ಯಪ್‌ಗೆ ಮಾತ್ರ ಸೇರಿಸಿದಳು. ಬುಧವಾರ ನೋಡಿದರೆ ಒಂದು ಸುದ್ದಿ ಒಂದೇ ತಲೆಬರಹದಡಿ ಪಟ್ಟಿಯಲ್ಲಿ ಐದು ಸಲ ಬಂದಿತ್ತು. ತನ್ನ ಕೋಡಿನದೇ ತಪ್ಪೆಂದು ಸ್ವೀಡಲ್ ಎರಡು ದಿನ ಹುಡುಕಿದಳು. ಕೊನೆಗೆ, ಆ್ಯಪ್ ತಂದಿಟ್ಟ ಮೂಲ ಕಡತಗಳನ್ನೇ ಒಂದೊಂದಾಗಿ ತೆರೆದಳು. ಸುದ್ದಿ ಒಂದೇ, ಗುರುತಿನ ಸಂಖ್ಯೆಯೂ ಒಂದೇ. ತಲೆಬರಹ ಮಾತ್ರ ಬೇರೆ ಬೇರೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ‘ಬಾವಿಗೆ ಬಿದ್ದು ಯುವತಿ ಸಾವು’ ಎಂದಿತ್ತು. ಅರ್ಧ ಗಂಟೆಯಲ್ಲಿ ಅದು ‘ಯುವತಿಯ ನಿಗೂಢ ಸಾವು’ ಆಯಿತು. ಹತ್ತೂವರೆಗೆ ‘ಬಿದ್ದಳೇ, ಹಾರಿದಳೇ? ಕೊನೆಯ ಫೋನ್ ಕರೆ ಯಾರದು?’ ಮಧ್ಯಾಹ್ನ ‘ಮದುವೆ ನಿಶ್ಚಯವಾದವಳಿಗೆ ಇನ್ನೊಬ್ಬನ ನಂಟು?’ ಮರುದಿನ ಏನೂ ಆಗದ ಹಾಗೆ, ‘ಆಕಸ್ಮಿಕವಾಗಿ ಬಾವಿಗೆ ಬಿದ್ದು ಯುವತಿ ಸಾವು.’ ಪೋರ್ಟಲ್‌ನಲ್ಲಿ ಈಗ ಕಾಣುತ್ತಿದ್ದುದು ಈ ಕೊನೆಯದೊಂದೇ.

ಸತ್ತವಳು ಪುತ್ತಿಗೆಯ ಮೋಕ್ಷಿತಾ. ಕಳೆದ ವರ್ಷ ಸ್ವೀಡಲ್‌ಳ ಬಳಿಯೇ ಕಂಪ್ಯೂಟರ್ ಕಲಿತವಳು. ನೀರು ಸೇದುವಾಗ ಬಾವಿಕಟ್ಟೆಯ ಮುರಕಲ್ಲು ಜಾರಿ ಅವಳು ಬಿದ್ದದ್ದನ್ನು ಪಕ್ಕದ ಮನೆಯವರು ಕಣ್ಣಾರೆ ಕಂಡಿದ್ದರು. ಸ್ವೀಡಲ್ ಮಂಗಳವಾರ ಸಂಜೆ ಮೋಕ್ಷಿತಾಳ ಮನೆಗೆ ಹೋಗಿಯೂ ಬಂದಿದ್ದಳು. ಆದರೆ ಬೆಳಿಗ್ಗೆ, ಯಾರೆಂದು ತಿಳಿಯುವ ಮುಂಚೆ, ಬಸ್ಸಿಗೆ ಕಾಯುತ್ತ ಅವಳೇ ಆ ಮೂರನೆಯ ತಲೆಬರಹವನ್ನು ಒತ್ತಿ ಓದಿದ್ದಳು. ಅದು ನೆನಪಾದದ್ದೇ ತನ್ನ ಬೆರಳೇ ಅವಳಿಗೆ ಅಸಹ್ಯವೆನಿಸಿತು.

ಶನಿವಾರ ಅವಳು ಪುರಂದರನ ಕಚೇರಿಗೆ ಹೋದಳು. ಅವನು ಗೋಳಿಬಜೆ ತಿನ್ನುತ್ತಿದ್ದ.

“ಬಾ ಬಾ ಸ್ವೀಡಲ್. ನಿನ್ನ ಆ್ಯಪ್‌ನಲ್ಲಿ ನಮ್ಮದನ್ನು ಎಲ್ಲಕ್ಕಿಂತ ಮೇಲೆ ಹಾಕು, ಆಯ್ತಾ?”

“ಪುರಂದರಣ್ಣ, ಮೋಕ್ಷಿತಾಳ ಸುದ್ದಿಗೆ ಎಂತೆಲ್ಲ ಹೆಡ್ಡಿಂಗ್ ಹಾಕಿದ್ದೀರಿ?”

“ಎಂತ ಹಾಕಿದ್ದು? ನೋಡು, ಸರಿ ಉಂಟಲ್ಲ?” ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಮೋಕ್ಷಿತಾಳ ಫೋಟೋದ ಕೆನ್ನೆಯ ಮೇಲೆ ಅವನ ಬೆರಳಿನ ಎಣ್ಣೆ ಅಂಟಿತು.

“ಮೊದಲು ಹಾಕಿದ್ದು?”

“ಅದು ಈಗ ಯಾರ ಹತ್ತಿರ ಉಂಟು ಮಾರಾಯ್ತಿ? ಅವಳ ಅಪ್ಪ ಮೊನ್ನೆ ಬಂದಿದ್ರು. ಅಂಥಾದ್ದೆಲ್ಲ ನಾವು ಹಾಕಲೇ ಇಲ್ಲ ಅಂತ ಹೇಳಿದೆ. ಪಾಪ, ಹೋದ್ರು.” ಅವನು ಇನ್ನೊಂದು ಗೋಳಿಬಜೆಯನ್ನು ಚಟ್ನಿಗೆ ಅದ್ದಿದ. “ಸಪ್ಪೆ ಹೆಡ್ಡಿಂಗ್ ಕೊಟ್ರೆ ಯಾರು ಒತ್ತುತ್ತಾರೆ? ಮೂರನೆಯದಕ್ಕೆ ಎಷ್ಟು ಜನ ಬಂದ್ರು ಗೊತ್ತುಂಟಾ? ನೀನೂ ತಿನ್ನು, ಬಿಸಿ ಉಂಟು.”

ಸ್ವೀಡಲ್ ಗೋಳಿಬಜೆ ಮುಟ್ಟಲಿಲ್ಲ. ಎದ್ದು ಬಂದಳು. ಬಸ್ ನಿಲ್ದಾಣದವರೆಗೂ ಆ ಎಣ್ಣೆಯ ವಾಸನೆ ಮೂಗು ಬಿಡಲಿಲ್ಲ.

ಅಂದೇ ಶರತ್ಚಂದ್ರರಿಗೆ ಫೋನ್ ಮಾಡಿ, ಬದಲಾದ ತಲೆಬರಹಗಳನ್ನೆಲ್ಲ ಆ್ಯಪ್ ಓದುಗರಿಗೆ ತೋರಿಸಬೇಕು ಎಂದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಹೊಸತು ಬಂದಾಗ ಹಳೆಯದನ್ನು ಅಳಿಸಿಬಿಡುವುದೇ ರೂಢಿ. ಅಕ್ಷರದ ತಪ್ಪು ತಿದ್ದಿದರೂ ಜನರ ಮುಂದೆ ಹಿಡಿದು ತೋರಿಸುವುದಾ?” ಎಂದರು.

“ತೋರಿಸುವ ಸರ್. ಅಕ್ಷರ ತಿದ್ದಿದ್ದಾದರೆ ನೋಡಿದವರಿಗೇ ಗೊತ್ತಾಗ್ತದೆ. ನನ್ನ ಕೋಡ್ ಇವರ ಹೊಲಸನ್ನು ಒರೆಸಿ ಕೊಡುವುದು ಬೇಡ.”

ಶರತ್ಚಂದ್ರ ಒಂದು ದಿನದ ಸಮಯ ಕೇಳಿ, ಒಪ್ಪಿದರು. ತಲೆಬರಹ ಬದಲಾದರೆ ಆ ಸುದ್ದಿಯ ಕೆಳಗೆ ಎಷ್ಟು ಸಲ ಬದಲಾಗಿದೆ ಎಂದು ಕಾಣಬೇಕು, ಒತ್ತಿದರೆ ಹಳೆಯವು ಸಮಯದ ಸಮೇತ ತೆರೆದುಕೊಳ್ಳಬೇಕು. ಸ್ವೀಡಲ್ ಅದನ್ನು ಬರೆದು ಮುಗಿಸಿದಳು.

ಮೂಲ ಕಡತಗಳ ಪ್ರತಿ ಹಿಡಿದು ಅವಳು ಪುತ್ತಿಗೆಗೆ ಹೋದಳು. ಮೋಕ್ಷಿತಾಳ ಅಪ್ಪ ಲೋಕಯ್ಯ ಹಾಳೆಗಳನ್ನು ತಿರುಗಿಸಿ ನೋಡಿ, ಕನ್ನಡಕ ಸಿಗಲಿಲ್ಲವೆಂದು ಹಿಂದೆ ಕೊಟ್ಟರು.

“ಓದಿ, ಟೀಚರೇ.”

“ಬೇಡ ಲೋಕಯ್ಯಣ್ಣ. ನೇರ ಠಾಣೆಗೆ ಕೊಡುವ.”

“ಎಂತ ಬರೆದಿದ್ದಾರೆ ಅಂತ ಗೊತ್ತಿಲ್ಲದೆ ನಾನು ಹೇಗೆ ದೂರು ಕೊಡುವುದು? ಓದಿ.”

ಅವಳು ಓದಿದಳು. ನಾಲ್ಕನೆಯದಕ್ಕೆ ಬಂದಾಗ ಆ ಮಾತು ತನ್ನ ಬಾಯಿಂದಲೇ ಹುಟ್ಟಿದಂತೆ ನಾಲಿಗೆ ಕಹಿಯಾಯಿತು. ಬಾಗಿಲಲ್ಲಿ ನಿಂತಿದ್ದ ತಾಯಿ ಅಮ್ಮಣಿ, “ಇದಕ್ಕೇ... ಮಾತಾಡಿಸಲಿಕ್ಕೆ ಬಂದವರೆಲ್ಲ ಹುಡುಗ ಯಾರು ಅಂತ ಕೇಳಿದ್ದು,” ಎಂದರು.

ಲೋಕಯ್ಯ ದೂರು ಕೊಟ್ಟರು. ಪೊಲೀಸರು ಕರೆಸಿ, ಹಾಳೆಗಳನ್ನು ಮುಂದಿಟ್ಟಾಗ ಪುರಂದರ ಹಾಕಿದ್ದು ಹೌದೆಂದು ಒಪ್ಪಿಕೊಂಡ. ಮರುದಿನ ಪೋರ್ಟಲ್‌ನಲ್ಲಿ ಮೂರು ಸಾಲಿನ ಕ್ಷಮೆ ಬಂತು, ಬಟ್ಟೆಯಂಗಡಿಯ ಜಾಹೀರಾತಿನ ಅಡಿಯಲ್ಲಿ. ಅದೇ ದಿನ ಪುರಂದರ ಫೀಡನ್ನೂ ನಿಲ್ಲಿಸಿದ. “ಊರಿನವಳಾಗಿ ಹೀಗೆ ಮಾಡಬಹುದಾ?” ಎಂದು ಅವನು ಸ್ವೀಡಲ್‌ಗೆ ಮೆಸೇಜ್ ಕಳಿಸಿದ.

ಮುಂದಿನ ಭಾನುವಾರ ಅವಳು ಮತ್ತೆ ಪುತ್ತಿಗೆಗೆ ಹೋದಾಗ ಅಮ್ಮಣಿ ಹತ್ತಿರ ಬಂದು ಕುಳಿತರು.

“ಟೀಚರೇ, ಆ ಮಾತೆಲ್ಲ ನಿಮ್ಮ ಆ್ಯಪ್‌ನಲ್ಲಿ ಈಗಲೂ ಉಂಟಾ?”

ಸ್ವೀಡಲ್ ಬೆಚ್ಚಿದಳು. ಪುರಂದರ ಅಳಿಸಿಹಾಕಿದ್ದನ್ನು ಈಗ ಜೋಪಾನವಾಗಿ ಇಟ್ಟುಕೊಂಡವಳು ಅವಳೊಬ್ಬಳೇ.

“ಉಂಟು ಅಮ್ಮ. ನನ್ನ ಫೋನಿನಲ್ಲಿ, ಕಂಪ್ಯೂಟರಿನಲ್ಲಿ. ಬೇರೆ ಯಾರಿಗೂ ಹೋಗಿಲ್ಲ. ಠಾಣೆಗೆ ಕೊಟ್ಟ ಪ್ರತಿ ಅಲ್ಲೇ ಉಂಟು.”

“ಅಲ್ಲಿದ್ದರೆ ಸಾಕು. ನಿಮ್ಮಲ್ಲಿ ಬೇಡ.”

ಸ್ವೀಡಲ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಅಮ್ಮಣಿ ನೋಡುತ್ತಿದ್ದಂತೆಯೇ ಐದನ್ನೂ ಅಳಿಸಿದಳು. ಫೋನಿನಿಂದಲೂ ಅಳಿಸಿದಳು. ಅಮ್ಮಣಿ ಪರದೆಯ ಕಡೆ ಬಗ್ಗಿ, “ಹೋಯ್ತಾ?” ಎಂದು ಎರಡು ಸಲ ಕೇಳಿದರು.

“ಹೋಯ್ತು ಅಮ್ಮ.”

ಅಮ್ಮಣಿ ತಲೆಯಾಡಿಸಿ, ಚಹಾ ಇಡಲು ಒಳಗೆ ಹೋದರು.