ಕಸಿಯ ಪ್ರಶ್ನೆ

ಆಲ್ದೂರಿನ ಏಕಾಂತಪ್ಪನವರ ಅಂಗಡಿಯಲ್ಲಿ ತೋಟಕ್ಕೆ ಬೇಕಾದ್ದೆಲ್ಲ ಸಿಗುತ್ತಿತ್ತು. ಕತ್ತಿ, ಹಗ್ಗ, ಗೋಣಿಚೀಲ, ಗೊಬ್ಬರ, ಏನಿಲ್ಲ ಹೇಳಿ! ಸಿಗದೇ ಇದ್ದದ್ದು ಒಂದೇ, ಸೊಸೆ ಭುವನಾಗೆ ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳಲು ಬಿಡುವು. ಅವಳು ತರೀಕೆರೆಯ ಹುಡುಗಿ, ಬಿ.ಎ. ಓದಿದವಳು. ಮಾವ ತೀರಿಕೊಂಡ ಮೇಲೆ ಅವರ ಕುರ್ಚಿ ಇವಳ ಕುತ್ತಿಗೆಗೆ ಬಿತ್ತು. ಗಂಡ ವೀರೇಂದ್ರ ಏನು ಕೇಳಿದರೂ "ಅವ್ವನ್ನ ಕೇಳು" ಅನ್ನುವವನು. ಅವ್ವ ಗಿರಿಜಾಂಬಾ ಕೆಟ್ಟವರಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಜಗಳ ಕಾದಾದರೂ ಹೊರಬೀಳಬಹುದಿತ್ತು.

ಭುವನಾ ಕೇಳಿದ್ದು ಚಿಕ್ಕಮಗಳೂರಿನ ಯಾವುದಾದರೂ ಕಚೇರಿಯಲ್ಲಿ ಒಂದು ಮೇಜು, ಸಂಜೆಯಾದರೆ ಎದ್ದು ಹೋಗುವ ಹಕ್ಕು. ಸರ್ಕಾರಿ ಕೆಲಸದ ಪರೀಕ್ಷೆ ಹಿಂದಿನ ಸಲ ಕೂದಲೆಳೆಯಲ್ಲಿ ಕೈ ತಪ್ಪಿತ್ತು. ಈ ವರ್ಷಕ್ಕೆ ವಯಸ್ಸಿನ ಮಿತಿಯೂ ಮುಗಿಯುತ್ತಿತ್ತು.

"ಇದೊಂದು ಸಲ ಬರಿ ಕಣೇ. ಪಾಸಾದ್ರೆ ಪೇಟೇಲಿ ನಾನೇ ಮನೆ ನೋಡಿ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಮತ್ತೆ ಆ ಮಾತು ಎತ್ತಬಾರದು, ಗಲ್ಲಾ ನಿಂದೇ," ಎಂದಿದ್ದರು ಅತ್ತೆ.

ಪರೀಕ್ಷೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಬೆಲ್ಲಾಗುವವರೆಗೆ ಯಾರೂ ಏಳುವಂತಿಲ್ಲ ಎಂದು ಮೇಲ್ವಿಚಾರಕ ಬಾಗಿಲು ಹಾಕಿಕೊಂಡ. ಭುವನಾ ಮೊದಲು ತರ್ಕದ ಪ್ರಶ್ನೆಗಳಿಗೇ ಕೈಹಾಕಿದಳು. ಅವೆಂದರೆ ಅವಳಿಗೆ ಬೆಲ್ಲ ತಿಂದಷ್ಟು ಸಲೀಸು. ಹವಾಮಾನ ನೀತಿಯ ಬಗ್ಗೆ ನಾಲ್ಕು ಸಾಲು ಕೊಟ್ಟಿದ್ದರು.

'ಮರಗಳ ಹಸುರು ಗಾಳಿಯಲ್ಲಿನ ಇಂಗಾಲವನ್ನು ಹೀರುತ್ತದೆ. ಹಸುರು ತಗ್ಗಿದರೆ ಹೀರುವುದೂ ತಗ್ಗುತ್ತದೆ. ಹಸುರನ್ನು ಹೆಚ್ಚಿಸಲೆಂದು ಸರ್ಕಾರ ಹೊಸ ನೀತಿ ತಂದಿದೆ. ಅದರಂತೆ ಹಳೆಯ ಮರಗಳನ್ನು ಕಸಿ ಮಾಡುವ ರೈತರಿಗೆ ಪ್ರೋತ್ಸಾಹಧನ ದೊರೆಯುತ್ತದೆ.'

ಕೆಳಗೆ ಸೂಚನೆಯೂ ಇತ್ತು: 'ಕೊಟ್ಟಿರುವುದರಿಂದ ಮಾತ್ರ ತೀರ್ಮಾನಿಸಿ. ಹೊರಗಿನದನ್ನು ಸೇರಿಸಬೇಡಿ.'

ಕಸಿ! ಭುವನಾ ಒಳಗೊಳಗೇ ನಕ್ಕಳು. ಏಣಿ ಹಾಕಿ, ಹಗ್ಗ ಬಿಗಿದು, ತೋಟದ ಮರ ಹತ್ತಿ ಕೊಂಬೆಗಳನ್ನು ಕಡಿದು ಕೆಡಹುವ ಆಳುಗಳು ಕಣ್ಣ ಮುಂದೆ ಬಂದರು. ಕಾಫಿಗೆ ಬಿಸಿಲು ಬೀಳಲೆಂದು ಆಲ್ದೂರಿನ ತೋಟಗಳಲ್ಲಿ ಮಾಡುವ ಕಸಿ ಅದು. ಕಸಿಯಾದ ಮರ ಮುಡಿ ಕೊಟ್ಟವರ ತಲೆಯಂತೆ ನಿಂತಿರುತ್ತದೆ. ಹಸುರು ತಗ್ಗಿಸುವ ಕೆಲಸಕ್ಕೆ ಹಸುರು ಹೆಚ್ಚಿಸುವ ದುಡ್ಡು! ತೀರ್ಮಾನ ನೀರಿನಷ್ಟು ತಿಳಿ: 'ನೀತಿಯ ಕ್ರಮ ಅದರ ಗುರಿಗೇ ವಿರುದ್ಧವಾಗಿದೆ.' ಉತ್ತರಪತ್ರಿಕೆಯಲ್ಲಿ ಆ ಆಯ್ಕೆಯ ವೃತ್ತಕ್ಕೆ ಪೆನ್ನಿನಿಂದ ಕಪ್ಪು ತುಂಬಿದಳು. ಮುಂದಿನ ಪ್ರಶ್ನೆಗಳೂ ಇದನ್ನೇ ಹಿಡಿದು ಬಂದಿದ್ದವು. ಒಂದಕ್ಕೊಂದು ಕೊಂಡಿ ಹಾಕಿ ಎಲ್ಲ ತುಂಬಿದಳು. ಪೇಟೆಯ ಮನೆಗೆ ಪರದೆ ಯಾವ ಬಣ್ಣದ್ದು ಎಂದೂ ಒಂದು ಗಳಿಗೆ ಯೋಚಿಸಿದಳು, ಪಾಪ.

ಹಾಳೆ ತಿರುವಿದಾಗ ವಿಜ್ಞಾನದ ಪ್ರಶ್ನೆ ಸಿಕ್ಕಿತು: 'ಕಸಿ ಮಾಡಿದ ಮಾವು ಬೇಗ ಫಲ ಬಿಡುವುದೇಕೆ?'

ಭುವನಾ ಹಾಳೆ ಹಿಂದಕ್ಕೆ ತಿರುವಿ ಆ ನಾಲ್ಕು ಸಾಲು ಮತ್ತೆ ಓದಿದಳು. ತರೀಕೆರೆಯ ಅಪ್ಪಾಜಿ, ಬೆರಳ ಸಂದಿಯಲ್ಲಿ ಪ್ಲಾಸ್ಟಿಕ್ ಪಟ್ಟಿ, ಒಂದು ಗಿಡದ ಕಡ್ಡಿಯನ್ನು ಇನ್ನೊಂದಕ್ಕೆ ಕೂಡಿಸಿ ಕಟ್ಟುತ್ತಾ "ಇದಕ್ಕೆ ಕಸಿ ಅಂತಾರೆ ಮಗಾ" ಎಂದದ್ದು ನೆನಪಾಯಿತು. ಅವಳು ಕಲಿತ ಮೊದಲ ಕಸಿ ಅದು. ನಾಡಿಗೆಲ್ಲ ಅದೇ ಕಸಿ! ಹಾಗೆ ಓದಿದರೆ ಹಳೆಯ ಮರ ಹೊಸದಾಗಿ ಚಿಗುರುತ್ತದೆ, ನೀತಿಯಲ್ಲಿ ವಿರೋಧವೇ ಇಲ್ಲ, ಅವಳು ಕೊಂಡಿ ಹಾಕಿ ತುಂಬಿದ್ದೆಲ್ಲ ತಪ್ಪು. ಕಾಫಿ ತೋಟದ ಕಸಿಯನ್ನು ಗಲ್ಲಾದ ಮುಂದೆ ಕೂತು ಕಿವಿಗೆ ತುಂಬಿಕೊಂಡವಳು ಅವಳೇ. ಹೊರಗಿನದನ್ನು ಸೇರಿಸಬೇಡ ಎಂದಿದ್ದರು. ಸೇರಿಸಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

ತುಂಬಿದ ವೃತ್ತ ಅಳಿಸುವಂತಿಲ್ಲ. ಎದ್ದು ನಿಂತು, "ಸರ್, ಬೇರೆ ಉತ್ತರಪತ್ರಿಕೆ..." ಎಂದಳು.

"ಕೊಡಲ್ಲಮ್ಮ. ಕೂತ್ಕೊಳಿ."

ಕೂತಳು. ಉಳಿದದ್ದನ್ನು ಬರೆದಳು. ಅಳು ಬಂತು. ಅಳುವುದಕ್ಕೂ ಹೊರಗೆ ಹೋಗುವಂತಿರಲಿಲ್ಲ.

ಗೇಟಿನ ಹತ್ತಿರ ಗಿರಿಜಾಂಬಾ ಬುತ್ತಿ ಹಿಡಿದು ಬಿಸಿಲಲ್ಲೇ ಕಾದಿದ್ದರು. "ಹೆಂಗಾಯ್ತೇ?"

ಭುವನಾ ಪ್ರಶ್ನೆಪತ್ರಿಕೆಯ ಆ ಪುಟ ಬಿಡಿಸಿ ಕೊಟ್ಟಳು. ಅತ್ತೆ ಕನ್ನಡಕ ಏರಿಸಿ ಓದಿದರು.

"ಇದೇನ್ ಮಾರಾಯ್ತಿ! ಮರ ಕಸಿ ಮಾಡಿದ್ರೆ ಹಸುರು ಎಲ್ಲಿಂದ ಹೆಚ್ಚಾಗುತ್ತೆ? ಸರ್ಕಾರಕ್ಕೆ ತಲೆಗಿಲೆ ಕೆಟ್ಟಿದ್ಯಾ?"

"ನಾನೂ ಹಾಗೇ ಬರ್ದೆ ಅತ್ತೆ."

"ಮತ್ತೆ ಮುಖ ಯಾಕೆ ಹಂಗಿದೆ? ಸರಿಯಾಗೇ ಬರ್ದಿದ್ದೀಯಲ್ಲ!" ಗಿರಿಜಾಂಬಾ ಅಕ್ಕರೆಯಿಂದ ಅವಳ ಬೆನ್ನು ಸವರಿದರು. "ಬಯಲುಸೀಮೆಯಿಂದ ಬಂದಾಗ ತೋಟದ ಕಸಿ ಅಂದ್ರೆ ಏನು ಅಂತಿದ್ದೆ. ಈಗ ನೋಡು, ನಮ್ಮೋಳೇ ಆಗಿಬಿಟ್ಟೆ."

ಜಗತ್ತಿನಲ್ಲಿ ಅವಳ ಉತ್ತರ ಸರಿ ಎನ್ನುವವರು ಅವರೊಬ್ಬರೇ. ಭುವನಾಗೆ ಕಿರುಚಬೇಕೆನಿಸಿತು. ಬುತ್ತಿ ಇಸಿದುಕೊಂಡು ಬಸ್ಸು ಹತ್ತಿದಳು.

ಆಲ್ದೂರಿನಲ್ಲಿ ಇಳಿದಾಗ ತೋಟದ ಮೇಸ್ತ್ರಿ ಮಾರಯ್ಯ ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದ. "ಅಕ್ಕಾ, ಗಟ್ಟಿ ಹಗ್ಗ ಬೇಕಿತ್ತು."

ಭುವನಾ ಹೋಗಿ ಕುರ್ಚಿಯಲ್ಲಿ ಕೂತಳು.

"ಕಸಿಗಾ ಮಾರಯ್ಯ?" ಎಂದು ಅವಳ ಬಾಯಿಂದ ತಾನಾಗಿಯೇ ಬಂತು.